ಸಿಆರ್ ಅಂಕಿಯೊಂದನ್ನೇ ನಂಬಿದರೆ ಆಟ ಕೆಡುತ್ತದೆ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಶುರುವಾಗಿದೆ. ನಾಲ್ಕೈದು ಜನ ಗೆಳೆಯರು ಒಂದು ಟೇಬಲ್ ಸುತ್ತ ಕೂತು, ದಾಳ ಉರುಳಿಸುತ್ತಾ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವುದು ಬೆಂಗಳೂರಿನಲ್ಲಿ ಈಗ ಅಪರೂಪವೇನಲ್ಲ. ಒಬ್ಬರು ಡಂಜನ್ ಮಾಸ್ಟರ್ ಆಗಿ ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ. ಹೊಸದಾಗಿ ಆಟ ನಡೆಸಲು ಕೂರುವವರಿಗೆ ಕಥೆ ಕಟ್ಟುವುದು ಅಷ್ಟು ಕಷ್ಟವಾಗುವುದಿಲ್ಲ. ಅಜ್ಜಿಕತೆ, ಯಕ್ಷಗಾನ ಕೇಳಿ ಬೆಳೆದವರಿಗೆ ಕತೆಗೇನು ಬರ? ಅವರು ಎಡವುವುದು ಇನ್ನೊಂದು ಕಡೆ. ಎದುರಿಗೆ ನಿಲ್ಲಿಸುವ ಮಾನ್‌ಸ್ಟರ್ ಎಷ್ಟು ಬಲಶಾಲಿಯಾಗಿರಬೇಕು ಎಂಬ ಲೆಕ್ಕ ತಪ್ಪಿ, ಮೊದಲ ದಿನವೇ ಇಡೀ ತಂಡ ಸತ್ತುಹೋಗುತ್ತದೆ. ಇಲ್ಲವೇ ಮೂರು ಗಂಟೆ ಕಾದು ಬಂದ ಮಹಾ ಕಾಳಗ ಎರಡೇ ನಿಮಿಷಕ್ಕೆ ಮುಗಿದು ಎಲ್ಲರ ಮುಖವೂ ಸಪ್ಪೆಯಾಗುತ್ತದೆ. ಎರಡರಲ್ಲಿ ಯಾವುದಾದರೂ ಆಟವನ್ನು ಅಲ್ಲಿಗೇ ನಿಲ್ಲಿಸಿಬಿಡಬಹುದು. ಹೊಸಬರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಪುಸ್ತಕದಲ್ಲಿ ಪ್ರತಿ ಮಾನ್‌ಸ್ಟರ್‌ಗೂ ಚಾಲೆಂಜ್ ರೇಟಿಂಗ್ ಎಂಬ ಅಂಕಿ ಇದೆ, ತಂಡದ ಲೆವೆಲ್‌ಗೆ ಹೊಂದುವ ಅಂಕಿ ನೋಡಿ ಆರಿಸಿಕೊಳ್ಳಿ. ಈ ಸಲಹೆ ಅರೆಬೆಂದದ್ದು. ಅಂಕಿ ನೋಡಿದ ಮೇಲೆ ಕಾಗದ ಪೆನ್ನು ಹಿಡಿದು ಮೂರು ಸುತ್ತಿನ ಒಂದು ಚಿಕ್ಕ ಲೆಕ್ಕ ಮಾಡಲೇಬೇಕು, ಅದನ್ನು ಆಟಕ್ಕೆ ಮುಂಚೆಯೇ ಮಾಡಬೇಕು. ಇದನ್ನು ಹೇಳಲೆಂದೇ ಈ ಪತ್ರ.

ಚಾಲೆಂಜ್ ರೇಟಿಂಗ್, ಆಡುವವರ ಬಾಯಲ್ಲಿ ಸಿಆರ್, ಬಂದದ್ದು 2000ನೇ ಇಸವಿಯ ಮೂರನೇ ಆವೃತ್ತಿಯಲ್ಲಿ. 2014ರ ಐದನೇ ಆವೃತ್ತಿಯಲ್ಲಿ ಅದರ ಅರ್ಥ ಹೀಗೆ: ಚೆನ್ನಾಗಿ ವಿಶ್ರಾಂತಿ ಪಡೆದ, ಸಲಕರಣೆ ಸರಿಯಾಗಿರುವ ನಾಲ್ವರ ತಂಡವು ತನ್ನ ಲೆವೆಲ್‌ಗೆ ಸಮನಾದ ಸಿಆರ್ ಇರುವ ಒಂದು ಮಾನ್‌ಸ್ಟರನ್ನು ಯಾರೂ ಸಾಯದೆ ಸೋಲಿಸಬಲ್ಲದು. ಈ ವಾಕ್ಯದಲ್ಲಿ ಎಷ್ಟು ಷರತ್ತುಗಳಿವೆ ನೋಡಿ. ತಂಡದಲ್ಲಿ ನಾಲ್ವರಿರಬೇಕು. ಅವರು ದಣಿದಿರಬಾರದು. ಎದುರಿಗಿರುವುದು ಒಂದೇ ಆಗಿರಬೇಕು. ಮೂರರಲ್ಲಿ ಒಂದು ಬದಲಾದರೂ ಅಂಕಿಯ ಬೆಲೆ ಬದಲಾಗುತ್ತದೆ. ನಿಜವಾದ ಟೇಬಲ್‌ಗಳಲ್ಲಿ ಮೂರೂ ಬದಲಾಗುವುದೇ ಹೆಚ್ಚು.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಒಂದನೇ ಲೆವೆಲ್‌ನ ನಾಲ್ವರು: ಕತ್ತಿ ಹಿಡಿಯುವ ಫೈಟರ್‌ಗೆ 12 ಹಿಟ್ ಪಾಯಿಂಟ್ (ಪೆಟ್ಟು ತಾಳುವ ಶಕ್ತಿಯ ಅಂಕ, ಸೊನ್ನೆಯಾದರೆ ಪಾತ್ರ ಬೀಳುತ್ತದೆ), ಗಾಯ ಮಾಯಿಸುವ ಕ್ಲೆರಿಕ್‌ಗೆ 10, ಕಳ್ಳಹೆಜ್ಜೆಯ ರೋಗ್‌ಗೆ 10, ಮಂತ್ರಗಾರ ವಿಜರ್ಡ್‌ಗೆ 8. ಒಟ್ಟು 40. ಸರಾಸರಿ ಆರ್ಮರ್ ಕ್ಲಾಸ್, ಅಂದರೆ ಪೆಟ್ಟು ತಗುಲಲು ಹೊಡೆಯುವವರು ಮುಟ್ಟಬೇಕಾದ ಅಂಕ, 15 ಎಂದಿಟ್ಟುಕೊಳ್ಳಿ. ಹೊಡೆಯುವಾಗ ಇಪ್ಪತ್ತು ಮುಖದ ದಾಳಕ್ಕೆ 5 ಸೇರುತ್ತದೆ, ತಗುಲಿದರೆ ಎಂಟು ಮುಖದ ಒಂದು ದಾಳಕ್ಕೆ 3 ಸೇರಿಸಿ ಸರಾಸರಿ ಏಳೂವರೆ ಪೆಟ್ಟು. ಇವರ ಎದುರಿಗೆ ಓಗರ್ ಎಂಬ ಒಂದು ದೊಡ್ಡ ರಾಕ್ಷಸನನ್ನು ನಿಲ್ಲಿಸಬಹುದು, ಅಥವಾ ಗಾಬ್ಲಿನ್ ಎಂಬ ನಾಲ್ಕು ಕುಳ್ಳ ಜೀವಿಗಳನ್ನು. 2014ರ ಪುಸ್ತಕದಲ್ಲಿ ಓಗರ್ ಸಿಆರ್ 2ರದ್ದು, 450 ಎಕ್ಸ್‌ಪಿ (ಸೋಲಿಸಿದರೆ ಸಿಗುವ ಅನುಭವದ ಅಂಕ); ಆರ್ಮರ್ ಕ್ಲಾಸ್ 11, ಹಿಟ್ ಪಾಯಿಂಟ್ 59, ಹೊಡೆಯಲು 6 ಸೇರುತ್ತದೆ, ತಗುಲಿದರೆ ಸರಾಸರಿ 13. ಗಾಬ್ಲಿನ್ ಸಿಆರ್ ಕಾಲು, ತಲಾ 50 ಎಕ್ಸ್‌ಪಿ. ಆರ್ಮರ್ ಕ್ಲಾಸ್ 15, ಹಿಟ್ ಪಾಯಿಂಟ್ 7, ಹೊಡೆಯಲು 4, ಪೆಟ್ಟು ಸರಾಸರಿ ಐದೂವರೆ. ಎಕ್ಸ್‌ಪಿ ಮಾತ್ರ ನೋಡಿದರೆ ಓಗರ್ ಎರಡು ಪಟ್ಟಿಗಿಂತ ಹೆಚ್ಚು ಕಷ್ಟ.

ಈಗ ಲೆಕ್ಕ. ಪೆಟ್ಟು ತಗುಲುವ ಸಂಭವ ತಿಳಿಯಲು 21ಕ್ಕೆ ಹೊಡೆಯುವವರ ಬೋನಸ್ ಕೂಡಿಸಿ, ಎದುರಿನವರ ಆರ್ಮರ್ ಕ್ಲಾಸ್ ಕಳೆದು, 20ರಿಂದ ಭಾಗಿಸಿ. ಗಾಬ್ಲಿನ್‌ಗೆ 21 ಕೂಡಿಸು 4, ಕಳೆ 15, ಅಂದರೆ 20ಕ್ಕೆ 10, ಅರ್ಧ. ಒಂದು ಗಾಬ್ಲಿನ್ ಒಂದು ಸುತ್ತಿಗೆ ಸರಾಸರಿ 2.75 ಪೆಟ್ಟು ಕೊಡುತ್ತದೆ, ನಾಲ್ಕೂ ಸೇರಿ 11. ಓಗರ್‌ಗೆ 20ಕ್ಕೆ 12; ಹದಿಮೂರರ ಶೇಕಡಾ 60 ಅಂದರೆ 7.8. ಅಂದರೆ ಮೊದಲ ಸುತ್ತಿನಲ್ಲಿ ನಾಲ್ಕು ಗಾಬ್ಲಿನ್‌ಗಳೇ ಓಗರ್‌ಗಿಂತ ಹೆಚ್ಚು ಹೊಡೆಯುತ್ತವೆ. ತಂಡದ ಕಡೆಯಿಂದ ಓಗರ್‌ಗೆ 20ಕ್ಕೆ 15 ಪೆಟ್ಟು ತಗುಲುತ್ತದೆ. ನಾಲ್ವರೂ ಸೇರಿ ಸುತ್ತಿಗೆ ಸುಮಾರು 22. ಐವತ್ತೊಂಬತ್ತು ಕರಗಲು ಮೂರು ಸುತ್ತು ಬೇಕು, ಅಷ್ಟರಲ್ಲಿ ಓಗರ್ ಕೊಟ್ಟ ಪೆಟ್ಟು ಹತ್ತಿರ ಹತ್ತಿರ 23. ಗಾಬ್ಲಿನ್‌ಗಳು ಒಂದೊಂದಾಗಿ ಬೀಳುತ್ತವೆ, ಹಾಗಾಗಿ ಅವುಗಳ ಪೆಟ್ಟು ಮೊದಲ ಸುತ್ತಿಗೆ 11, ಎರಡನೆಯದಕ್ಕೆ 7ರಷ್ಟು, ಮೂರನೆಯದಕ್ಕೆ 3ರಷ್ಟು. ಒಟ್ಟು 21. ಎಕ್ಸ್‌ಪಿಯಲ್ಲಿ ಅಷ್ಟೊಂದು ಅಂತರವಿದ್ದ ಎರಡು ಕಾಳಗಗಳು ತಂಡದ ಮೈಮೇಲೆ ಹೆಚ್ಚುಕಡಿಮೆ ಒಂದೇ ತೂಕ. ಇಲ್ಲಿ ಕ್ರಿಟಿಕಲ್ ಹೊಡೆತ, ಅಂದರೆ ದಾಳದಲ್ಲಿ 20 ಬಿದ್ದಾಗ ಪೆಟ್ಟಿನ ದಾಳಗಳು ದುಪ್ಪಟ್ಟಾಗುವುದು, ಸೇರಿಸಿಲ್ಲ. ಸೇರಿಸಿದರೂ ಚಿತ್ರ ಬದಲಾಗುವುದಿಲ್ಲ.

ಆದರೆ ಆ ಪೆಟ್ಟು ಹಂಚಿಕೆಯಾಗುವ ರೀತಿ ಬೇರೆ. ಗಾಬ್ಲಿನ್‌ಗಳ ಪೆಟ್ಟು ಸಾಮಾನ್ಯವಾಗಿ ನಾಲ್ವರಿಗೂ ಹಂಚಿಹೋಗುತ್ತದೆ. ಓಗರ್‌ನ ಪೆಟ್ಟು ಇಡಿಯಾಗಿ ಒಬ್ಬರ ಮೇಲೆ ಬೀಳುತ್ತದೆ. ಪಾತ್ರವನ್ನು ಸೊನ್ನೆಗೆ ಇಳಿಸಿದ ಮೇಲೆ ಉಳಿದ ಪೆಟ್ಟು ಆ ಪಾತ್ರದ ಪೂರ್ಣ ಹಿಟ್ ಪಾಯಿಂಟ್‌ನಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸ್ಥಳದಲ್ಲೇ ಸಾವು ಎಂಬ ನಿಯಮವಿದೆ. ಎಂಟು ಹಿಟ್ ಪಾಯಿಂಟಿನ ವಿಜರ್ಡ್ ಗಾಯವೇ ಇಲ್ಲದೆ ನಿಂತಿದ್ದರೂ 16ರ ಒಂದು ಪೆಟ್ಟಿಗೆ ಸತ್ತ. ಓಗರ್‌ನ ಗದೆ ಎಂಟು ಮುಖದ ಎರಡು ದಾಳಕ್ಕೆ 4 ಸೇರಿಸುತ್ತದೆ. ದಾಳಗಳಲ್ಲಿ 12 ಅಥವಾ ಹೆಚ್ಚು ಬೀಳುವ ಸಂಭವ 64ಕ್ಕೆ 15. ತಗುಲಿದ ಸಾಧಾರಣ ಪೆಟ್ಟುಗಳಲ್ಲೇ ಹತ್ತಿರಹತ್ತಿರ ಕಾಲುಭಾಗ ವಿಜರ್ಡನ್ನು ನೇರವಾಗಿ ಕೊಲ್ಲುತ್ತವೆ. ಕ್ರಿಟಿಕಲ್ ಆದರೆ ಸರಾಸರಿಯೇ 22. ಇದಕ್ಕೊಂದು ಸುಲಭ ಉಪಾಯ ನಿಯಮದಲ್ಲೇ ಇದೆ: ಪುಸ್ತಕದಲ್ಲಿ ಪ್ರತಿ ಹೊಡೆತದ ಪಕ್ಕ ಸರಾಸರಿ ಪೆಟ್ಟನ್ನು ಮುದ್ರಿಸಿರುತ್ತಾರೆ. ಒಂದು ಮತ್ತು ಎರಡನೇ ಲೆವೆಲ್‌ಗಳಲ್ಲಿ ಮಾನ್‌ಸ್ಟರ್‌ಗಳಿಗೆ ದಾಳ ಉರುಳಿಸದೆ ಆ ಸರಾಸರಿಯನ್ನೇ ಬಳಸಿ. ಓಗರ್ 13 ಹೊಡೆದರೆ ವಿಜರ್ಡ್ ಬೀಳುತ್ತಾನೆ, ಆದರೆ ಉಳಿದದ್ದು 5, ಸಾಯುವುದಿಲ್ಲ. ಕ್ಲೆರಿಕ್‌ಗೆ ಓಡಿ ಬಂದು ಎಬ್ಬಿಸಲು ಸಮಯ ಸಿಗುತ್ತದೆ. ಹೊಸ ಮಕ್ಕಳ ಟೇಬಲ್‌ಗೆ ಇದಕ್ಕಿಂತ ಒಳ್ಳೆಯ ಸುಧಾರಣೆ ನಮಗೆ ಗೊತ್ತಿಲ್ಲ.

ಗಾಬ್ಲಿನ್‌ಗಳ ವಿಷಯದಲ್ಲಿ ಅಪಾಯ ಇರುವುದು ಅವುಗಳನ್ನು ಆಡಿಸುವ ರೀತಿಯಲ್ಲಿ. ಗಾಬ್ಲಿನ್ ತನ್ನ ಸರದಿಯಲ್ಲಿ ಹೊಡೆದೂ ಬೋನಸ್ ಆಕ್ಷನ್‌ನಲ್ಲಿ, ಅಂದರೆ ಅದೇ ಸರದಿಯ ಚಿಕ್ಕ ಹೆಚ್ಚುವರಿ ಕ್ರಿಯೆಯಲ್ಲಿ, ಅಡಗಿಕೊಳ್ಳಬಲ್ಲದು. ಬಂಡೆಯ ಹಿಂದಿನಿಂದ ಬಿಲ್ಲು ಹಿಡಿದು ಪ್ರತಿ ಸುತ್ತು ಅಡಗಿ ಹೊಡೆದರೆ ಅಡ್ವಾಂಟೇಜ್ ಸಿಗುತ್ತದೆ, ಅಂದರೆ ಎರಡು ದಾಳ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳಬಹುದು. ತಗುಲುವ ಸಂಭವ ಅರ್ಧದಿಂದ ಮುಕ್ಕಾಲಿಗೆ ಏರುತ್ತದೆ. ಅದೇ ನಾಲ್ಕು ಗಾಬ್ಲಿನ್ ಈಗ ಸುತ್ತಿಗೆ 16 ಹೊಡೆಯುತ್ತವೆ. ಎಲ್ಲವೂ ಆರ್ಮರ್ ಕ್ಲಾಸ್ 12ರ ವಿಜರ್ಡ್ ಕಡೆ ತಿರುಗಿದರೆ ಅವನು ತನ್ನ ಮೊದಲ ಸರದಿ ಬರುವ ಮುನ್ನವೇ ನೆಲ ಹಿಡಿಯಬಹುದು. ಸಿಆರ್ ಕಾಲು ಎಂಬ ಅಂಕಿ ಎರಡು ಸಂದರ್ಭದಲ್ಲೂ ಅದೇ.

ತಂಡದ ಕಡೆಯ ಆಯ್ಕೆಗಳೂ ಹಾಗೆಯೇ ತಕ್ಕಡಿಯನ್ನು ವಾಲಿಸುತ್ತವೆ. 2014ರ ನಿಯಮದಲ್ಲಿ ವಿಜರ್ಡ್‌ನ ಸ್ಲೀಪ್ ಮಂತ್ರ ಎಂಟು ಮುಖದ ಐದು ದಾಳ ಉರುಳಿಸಿ ಅಷ್ಟು ಹಿಟ್ ಪಾಯಿಂಟಿನ ಶತ್ರುಗಳನ್ನು ಮಲಗಿಸುತ್ತದೆ, ಸರಾಸರಿ 22. ಏಳು ಏಳರ ಮೂರು ಗಾಬ್ಲಿನ್ ಒಂದೇ ಮಂತ್ರಕ್ಕೆ ನಿದ್ದೆಹೋದವು, ಕಾಳಗ ಮುಗಿದಂತೆಯೇ. ಗಾಯವಾಗದ ಓಗರ್‌ಗೆ ಅದೇ ಮಂತ್ರ ಏನೂ ಮಾಡದು. ಬದಲಿಗೆ ನಗಿಸಿ ಕೆಡವುವ ಹಿಡಿಯಸ್ ಲಾಫ್ಟರ್ ಮಂತ್ರ ಇದ್ದರೆ, ವಿವೇಕ 7 ಇರುವ ಓಗರ್‌ಗೆ ದಾಳದಲ್ಲಿ 2 ಕಳೆಯುವುದರಿಂದ, ತಪ್ಪಿಸಿಕೊಳ್ಳುವ 13ರ ಗುರಿ ಮುಟ್ಟಲು ಅದು ದಾಳದಲ್ಲಿ 15 ತರಬೇಕು. ಶೇಕಡಾ 70 ಸಲ ತಪ್ಪಿ, ನೆಲಕ್ಕೆ ಬಿದ್ದು ನಗುತ್ತಾ ತನ್ನ ಸರದಿ ಕಳೆದುಕೊಳ್ಳುತ್ತದೆ. ಹಾಗಾಗಿ ಕಾಳಗ ಸಿದ್ಧಮಾಡುವ ಮುನ್ನ ಆಟಗಾರರ ಕ್ಯಾರೆಕ್ಟರ್ ಶೀಟ್, ಅಂದರೆ ಪಾತ್ರದ ಶಕ್ತಿ, ಮಂತ್ರಗಳನ್ನು ಬರೆದಿಟ್ಟ ಹಾಳೆ, ಒಮ್ಮೆ ಕೇಳಿ ನೋಡುವುದು ಕಡ್ಡಾಯ. ಅವರ ಮಂತ್ರ ಕೆಲಸಕ್ಕೆ ಬಾರದಂತೆ ಮಾಡಲು ಅಲ್ಲ. ಅದು ಕೆಲಸ ಮಾಡಿದ ಮೇಲೂ ಕಾಳಗದಲ್ಲಿ ಏನಾದರೂ ಉಳಿದಿರಲಿ ಎಂದು.

ಮೇಲಿನ ಲೆಕ್ಕವೇ ನಾವು ಹೇಳುವ ಮೂರು ಸುತ್ತಿನ ಲೆಕ್ಕ. ತಂಡ ಒಂದು ಸುತ್ತಿಗೆ ಎಷ್ಟು ಹೊಡೆಯುತ್ತದೆ, ಎದುರಿನವರು ಎಷ್ಟು ಸುತ್ತು ನಿಲ್ಲುತ್ತಾರೆ, ಅಷ್ಟರಲ್ಲಿ ಅವರು ಎಷ್ಟು ಹೊಡೆಯುತ್ತಾರೆ. ಕೊನೆಯ ಉತ್ತರವನ್ನು ತಂಡದ ಒಟ್ಟು ಹಿಟ್ ಪಾಯಿಂಟ್‌ಗೆ ಹೋಲಿಸಿ. ಮೂರನೇ ಒಂದು ಭಾಗದೊಳಗಿದ್ದರೆ ಹಗುರ ಕಾಳಗ. ಅರ್ಧದ ಸುಮಾರಿಗೆ ಬಂದರೆ ಒಬ್ಬರಾದರೂ ಬೀಳುತ್ತಾರೆ, ಎದೆ ಹೊಡೆದುಕೊಳ್ಳುತ್ತದೆ. ಮೂರನೇ ಎರಡು ಭಾಗ ದಾಟಿದರೆ ಯಾರೋ ಸಾಯುವ ಕಾಳಗ. ಅದನ್ನು ಗೊತ್ತಿದ್ದೇ ಇಡಬೇಕು, ಗೊತ್ತಿಲ್ಲದೆ ಇಡಬಾರದು. ಈ ಗೆರೆಗಳು ಪುಸ್ತಕದವಲ್ಲ, ಆಟ ನಡೆಸುವ ನಾವು ಬಳಸುವ ಅಂದಾಜು. ಹತ್ತು ನಿಮಿಷದ ಕೆಲಸ.

ಪುಸ್ತಕದ ಲೆಕ್ಕವನ್ನು ಬಿಡಿ ಎಂದು ನಾವು ಹೇಳುತ್ತಿಲ್ಲ. ಅದನ್ನು ಯಾವ ವರ್ಷದ ಪುಸ್ತಕದಿಂದ ಮಾಡುತ್ತಿದ್ದೀರಿ ಎಂದು ನೋಡಿಕೊಳ್ಳಿ. 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಒಂದನೇ ಲೆವೆಲ್‌ನ ಒಬ್ಬ ಆಟಗಾರನಿಗೆ ಈಸಿ 25, ಮೀಡಿಯಂ 50, ಹಾರ್ಡ್ 75, ಡೆಡ್ಲಿ 100 ಎಕ್ಸ್‌ಪಿ. ನಾಲ್ವರಿಗೆ ಇದರ ನಾಲ್ಕು ಪಟ್ಟು. ಮಾನ್‌ಸ್ಟರ್‌ಗಳು ಒಂದಕ್ಕಿಂತ ಹೆಚ್ಚಾದರೆ ಅವುಗಳ ಎಕ್ಸ್‌ಪಿಯನ್ನು ಗುಣಿಸಬೇಕು: ಎರಡಿದ್ದರೆ ಒಂದೂವರೆ ಪಟ್ಟು, ಮೂರರಿಂದ ಆರಕ್ಕೆ ಎರಡು ಪಟ್ಟು, ಏಳರಿಂದ ಹತ್ತಕ್ಕೆ ಎರಡೂವರೆ. ಎರಡು ಗಾಬ್ಲಿನ್ 150 ಆಗಿ ಈಸಿಯಲ್ಲಿರುತ್ತವೆ, ಮೂರಾದ ಕೂಡಲೇ 300, ಹಾರ್ಡ್‌ಗೆ ಜಿಗಿಯುತ್ತವೆ, ನಾಲ್ಕಾದರೆ 400, ಡೆಡ್ಲಿ. 2024ರ ಪರಿಷ್ಕೃತ ಗೈಡ್‌ನಲ್ಲಿ ಈ ಗುಣಾಕಾರವನ್ನೇ ತೆಗೆದುಹಾಕಿ, ಲೋ, ಮಾಡರೇಟ್, ಹೈ ಎಂದು ಮೂರು ಹಂತ ಮಾಡಿದ್ದಾರೆ. ಒಂದನೇ ಲೆವೆಲ್‌ಗೆ 50, 75, 100. ಅದರ ಪ್ರಕಾರ ಅದೇ ನಾಲ್ಕು ಗಾಬ್ಲಿನ್, ಅದೇ 200 ಎಕ್ಸ್‌ಪಿ, ಲೋ. ಒಂದು ಪುಸ್ತಕದಲ್ಲಿ ಪ್ರಾಣಾಂತಿಕ ಎನಿಸಿದ್ದು ಇನ್ನೊಂದರಲ್ಲಿ ಅತಿ ಹಗುರ! ಮೂರು ಸುತ್ತಿನ ಲೆಕ್ಕ ಎರಡರ ನಡುವೆ ನಿಲ್ಲುತ್ತದೆ ಎಂಬುದನ್ನು ಈಗಾಗಲೇ ನೋಡಿದ್ದೀರಿ. ಇಂಟರ್‌ನೆಟ್‌ನಲ್ಲಿ ಸಿಗುವ ಕ್ಯಾಲ್ಕುಲೇಟರ್‌ಗಳಲ್ಲಿ ಕೆಲವು ಹಳೆಯ ನಿಯಮದವು, ಕೆಲವು ಹೊಸದರವು. ಹಳೆಯ ಕ್ಯಾಲ್ಕುಲೇಟರ್ ಹಿಡಿದು ಹೊಸ ಪುಸ್ತಕದ ಮಿತಿಗೆ ಹೋಲಿಸಿದರೆ ಉತ್ತರ ತಲೆಕೆಳಗಾಗುವುದು ಖಂಡಿತ.

ಕೆಲವು ಮಾನ್‌ಸ್ಟರ್‌ಗಳ ಅಂಕಿಯನ್ನು ಯಾವ ಲೆಕ್ಕದಲ್ಲೂ ನಂಬಬಾರದು, ಏಕೆಂದರೆ ಅವು ಹಿಟ್ ಪಾಯಿಂಟ್ ಬಿಟ್ಟು ಬೇರೆಯದರ ಮೇಲೆ ಕೈಹಾಕುತ್ತವೆ. 2014ರ ಶ್ಯಾಡೋ ಎಂಬ ನೆರಳಿನ ಭೂತ ತೆಗೆದುಕೊಳ್ಳಿ: ಸಿಆರ್ ಅರ್ಧ, 16 ಹಿಟ್ ಪಾಯಿಂಟ್. ಮೂರನೇ ಲೆವೆಲ್‌ನ ನಾಲ್ವರ ಎದುರು ಮೂರು ಶ್ಯಾಡೋ ಇಟ್ಟರೆ ಪುಸ್ತಕದ ಪ್ರಕಾರ ಸರಿಯಾಗಿ ಮೀಡಿಯಂ. ಆದರೆ ಅದರ ಪ್ರತಿ ಪೆಟ್ಟೂ ನಾಲ್ಕು ಮುಖದ ಒಂದು ದಾಳದಷ್ಟು ಬಲವನ್ನು, ಅಂದರೆ ಸ್ಟ್ರೆಂಗ್ತ್ ಅಂಕವನ್ನು, ಹೀರುತ್ತದೆ; ಅದು ಸೊನ್ನೆಗಿಳಿದರೆ ಸಾವು. ವಿಜರ್ಡ್‌ಗಳ ಬಲ ಸಾಮಾನ್ಯವಾಗಿ 8. ನಾಲ್ಕು ಪೆಟ್ಟು ಸಾಕು, ದುರದೃಷ್ಟ ಜೋರಾಗಿದ್ದರೆ ಎರಡೇ. ಕ್ಲೆರಿಕ್ ಗಾಯ ಮಾಯಿಸಿ ಎಬ್ಬಿಸಿದರೂ ಹೋದ ಬಲ ಮರಳುವುದಿಲ್ಲ, ಅದಕ್ಕೆ ವಿಶ್ರಾಂತಿ ಬೇಕು. ಸಾಲದ್ದಕ್ಕೆ ಮಂತ್ರಶಕ್ತಿ ಇಲ್ಲದ ಆಯುಧಗಳ ಪೆಟ್ಟು ಅದಕ್ಕೆ ಅರ್ಧವೇ ತಾಕುತ್ತದೆ. ಮೂರನೇ ಲೆವೆಲ್‌ನಲ್ಲಿ ಎಷ್ಟು ಜನರ ಬಳಿ ಮಂತ್ರದ ಕತ್ತಿ ಇರುತ್ತದೆ? ಅದೇ ತಂಡದಲ್ಲಿ ರೇಡಿಯಂಟ್, ಅಂದರೆ ದೈವಿಕ ಬೆಳಕಿನ, ಪೆಟ್ಟು ಕೊಡಬಲ್ಲ ಕ್ಲೆರಿಕ್ ಇದ್ದರೆ ಶ್ಯಾಡೋ ಎರಡರಷ್ಟು ನೋವು ತಿಂದು ಬೇಗ ಕರಗುತ್ತದೆ. ಆವತ್ತು ಕ್ಲೆರಿಕ್ ಆಡುವವರು ಬಂದಿಲ್ಲವೆಂದರೆ ಶ್ಯಾಡೋಗಳನ್ನು ಮುಂದಿನ ವಾರಕ್ಕೆ ಎತ್ತಿಡುವುದೇ ಸರಿ. ಟ್ರೋಲ್ ಕೂಡ ಇದೇ ಜಾತಿ. 2014ರ ಪುಸ್ತಕದಲ್ಲಿ ಈ ದೈತ್ಯನಿಗೆ 84 ಹಿಟ್ ಪಾಯಿಂಟ್, ಪ್ರತಿ ಸರದಿಯ ಆರಂಭದಲ್ಲಿ 10 ಮರಳಿ ಪಡೆಯುತ್ತದೆ, ಬೆಂಕಿ ಅಥವಾ ಆಮ್ಲ ತಗುಲಿದರೆ ಮಾತ್ರ ಆ ಸರದಿಗೆ ಪಡೆಯದು. ತಂಡದಲ್ಲಿ ಬೆಂಕಿಯ ಮಂತ್ರವಿದ್ದರೆ 84 ಎಂದರೆ 84. ಇಲ್ಲದಿದ್ದರೆ ನಾಲ್ಕು ಸುತ್ತಿನ ಕಾಳಗದಲ್ಲಿ ಅದು 110ರ ಆಚೆ ಹೋಗುತ್ತದೆ, ಬಿದ್ದ ಮೇಲೂ ಮತ್ತೆ ಏಳುತ್ತದೆ. ಟ್ರೋಲ್ ಇಡುವಿರಾದರೆ ಆಚೆ ಗೋಡೆಯಲ್ಲಿ ಉರಿಯುವ ಪಂಜೊಂದನ್ನಾದರೂ ಇಡಿ, ಬೆಂಕಿಗೆ ಅದು ಹೆದರುತ್ತದೆಂದು ಊರಿನ ಮುದುಕಿಯೊಬ್ಬಳ ಬಾಯಲ್ಲಿ ಮೊದಲೇ ಹೇಳಿಸಿ.

ಒಂಟಿ ದೈತ್ಯನನ್ನು ಕೊನೆಯ ಕಾಳಗಕ್ಕೆ ನಿಲ್ಲಿಸುವ ಆಸೆ ಎಲ್ಲರಿಗೂ ಇರುತ್ತದೆ. ಅಲ್ಲಿ ಕೆಡುವುದು ಸರದಿಗಳ ಲೆಕ್ಕದಲ್ಲಿ. ಒಂದು ಸುತ್ತಿನಲ್ಲಿ ಆಟಗಾರರಿಗೆ ನಾಲ್ಕೈದು ಸರದಿ, ದೈತ್ಯನಿಗೆ ಒಂದೇ. ಅದಕ್ಕೆಂದೇ ವಯಸ್ಕ ಕೆಂಪು ಡ್ರ್ಯಾಗನ್‌ನಂಥವುಗಳಿಗೆ ಬೇರೆಯವರ ಸರದಿಯ ಕೊನೆಯಲ್ಲಿ ಬಳಸುವ ಮೂರು ಲೆಜೆಂಡರಿ ಆಕ್ಷನ್‌ಗಳನ್ನೂ, ದಿನಕ್ಕೆ ಮೂರು ಸಲ ಸೋತ ಸೇವನ್ನು (ಮಂತ್ರದಂಥದ್ದರಿಂದ ತಪ್ಪಿಸಿಕೊಳ್ಳಲು ಉರುಳಿಸುವ ದಾಳ) ಗೆದ್ದಂತೆ ಮಾಡಿಕೊಳ್ಳುವ ಲೆಜೆಂಡರಿ ರೆಸಿಸ್ಟೆನ್ಸನ್ನೂ ಕೊಟ್ಟಿದ್ದಾರೆ. ಕೆಳಗಿನ ಲೆವೆಲ್‌ಗಳ ಬಹುತೇಕ ಮಾನ್‌ಸ್ಟರ್‌ಗಳಿಗೆ ಇವು ಇಲ್ಲ. ಆಗ ಹೊಸ ಡಂಜನ್ ಮಾಸ್ಟರ್‌ಗಳು ಮಾಡುವುದು ಹಿಟ್ ಪಾಯಿಂಟ್ ದುಪ್ಪಟ್ಟು ಮಾಡುವುದು. ಇದು ಕೆಟ್ಟ ಮದ್ದು. ದೈತ್ಯ ಹೊಡೆಯುವುದು ಮೊದಲಿನಷ್ಟೇ, ಸಾಯುವುದು ಮಾತ್ರ ತಡ. ನಾಲ್ಕನೇ ಸುತ್ತಿನ ನಂತರ ಎಲ್ಲರೂ ಅದೇ ಕತ್ತಿ, ಅದೇ ದಾಳ, ಮೊಬೈಲ್ ತೆಗೆದು ನೋಡುತ್ತಾ ಕೂರುತ್ತಾರೆ. ಹಿಟ್ ಪಾಯಿಂಟ್ ಮುಟ್ಟದೆ ಸರದಿ ಹೆಚ್ಚಿಸಿ. ಯಾರ ಸರದಿ ಯಾವಾಗ ಎಂದು ಹೇಳುವ ಇನಿಷಿಯೇಟಿವ್ ಪಟ್ಟಿಯಲ್ಲಿ ದೈತ್ಯನಿಗೆ ಎರಡು ಜಾಗ ಕೊಟ್ಟು, ಒಂದೊಂದು ಸರದಿಯ ಪೆಟ್ಟನ್ನು ಅರ್ಧಕ್ಕೆ ಇಳಿಸಿ. ಒಟ್ಟು ಪೆಟ್ಟು ಅದೇ ಇರುತ್ತದೆ, ಒಬ್ಬರ ಮೇಲೇ ಸುರಿಯುವುದು ತಪ್ಪುತ್ತದೆ, ಒಂದು ಮಂತ್ರಕ್ಕೆ ಇಡೀ ಸುತ್ತು ಹೋಗುವುದೂ ತಪ್ಪುತ್ತದೆ. ಇಲ್ಲವಾದರೆ ಜೊತೆಗೆ ನಾಲ್ಕು ಚಿಲ್ಲರೆ ಸಹಾಯಕರನ್ನು ನಿಲ್ಲಿಸಿ. 2008ರ ನಾಲ್ಕನೇ ಆವೃತ್ತಿಯಲ್ಲಿ ಮಿನಿಯನ್ ಎಂಬ ಬಗೆ ಇತ್ತು: ಒಂದೇ ಹಿಟ್ ಪಾಯಿಂಟ್, ತಗುಲಿದರೆ ಸತ್ತ, ಲೆಕ್ಕ ಬರೆದುಕೊಳ್ಳುವ ಗೋಜಿಲ್ಲ. ಆ ಆವೃತ್ತಿಯನ್ನು ಒಪ್ಪದವರೂ ಈ ಒಂದು ಉಪಾಯವನ್ನು ಇವತ್ತಿಗೂ ಧಾರಾಳವಾಗಿ ಬಳಸಬಹುದು.

ವಿಶ್ರಾಂತಿಯ ವಿಷಯ ಹೊಸಬರು ಗಮನಿಸುವುದೇ ಇಲ್ಲ. 2014ರ ಲೆಕ್ಕವೆಲ್ಲ ನಿಂತಿರುವುದು ಒಂದು ದಿನಕ್ಕೆ ಆರರಿಂದ ಎಂಟು ಮೀಡಿಯಂ ಅಥವಾ ಹಾರ್ಡ್ ಕಾಳಗ, ನಡುವೆ ಎರಡು ಶಾರ್ಟ್ ರೆಸ್ಟ್ (ಚಿಕ್ಕ ವಿಶ್ರಾಂತಿ) ಎಂಬ ಊಹೆಯ ಮೇಲೆ. ಐದನೇ ಲೆವೆಲ್‌ನಲ್ಲಿ ಒಬ್ಬರಿಗೆ ದಿನಕ್ಕೆ 3,500 ಎಕ್ಸ್‌ಪಿ, ನಾಲ್ವರಿಗೆ 14,000. ಒಂದು ಮೀಡಿಯಂ ಕಾಳಗ 2,000. ಮೂರು ಗಂಟೆಯ ಆಟದಲ್ಲಿ ಏಳು ಕಾಳಗ ಎಲ್ಲಿ ಹಿಡಿಯುತ್ತದೆ? ಹೆಚ್ಚಿನ ಟೇಬಲ್‌ಗಳಲ್ಲಿ ಆಟದ ಒಂದು ದಿನಕ್ಕೆ ಒಂದೋ ಎರಡೋ ಕಾಳಗ. ಆಗ ಐದನೇ ಲೆವೆಲ್‌ನ ವಿಜರ್ಡ್ ಇಡೀ ದಿನಕ್ಕೆಂದು ಇಟ್ಟುಕೊಳ್ಳಬೇಕಾದ ಎರಡು ಫೈರ್‌ಬಾಲನ್ನೂ ಮೊದಲ ಎರಡು ಸುತ್ತಿನಲ್ಲೇ ಎಸೆಯುತ್ತಾನೆ. ಒಂದೊಂದೂ ಗುಂಪಿನಲ್ಲಿರುವ ಪ್ರತಿಯೊಬ್ಬರಿಗೂ ಸರಾಸರಿ 28. ಫೈಟರ್ ಆಡುವವರು ಸುಮ್ಮನೆ ನೋಡುತ್ತಾ ಕೂರಬೇಕಾಗುತ್ತದೆ. ಮಂತ್ರಗಾರರು ವಿಪರೀತ ಬಲಶಾಲಿ ಎಂಬ ದೂರಿನ ದೊಡ್ಡ ಪಾಲು ಇಲ್ಲಿಂದಲೇ ಹುಟ್ಟುತ್ತದೆ. 2024ರ ಗೈಡ್‌ನಲ್ಲಿ ಈ ದಿನದ ಪಟ್ಟಿಯನ್ನೇ ಕೈಬಿಟ್ಟಿದ್ದಾರೆ, ಸಮಸ್ಯೆ ಮಾತ್ರ ಹೋಗಿಲ್ಲ. ದಿನಕ್ಕೊಂದೇ ಕಾಳಗ ಆಡುವವರು ಅದನ್ನು ಅಲೆ ಅಲೆಯಾಗಿ ಕಟ್ಟಬೇಕು: ಒಟ್ಟು ಬಲದ ಅರ್ಧ ಮೊದಲು ಎದುರಾಗಲಿ, ಕಾಲುಭಾಗ ಮೂರನೇ ಸುತ್ತಿನ ಕೊನೆಗೆ ಹಿಂದಿನ ಬಾಗಿಲಿಂದ ಬರಲಿ, ಉಳಿದ ಕಾಲುಭಾಗ ಕೈಯಲ್ಲಿರಲಿ. ತಂಡ ನಜ್ಜುಗುಜ್ಜಾಗಿದ್ದರೆ ಆ ಕಾಲುಭಾಗ ಬರುವುದೇ ಬೇಡ. ಅದು ಬರುತ್ತದೆಂದು ಆಟಗಾರರಿಗೆ ಯಾರೂ ಮಾತು ಕೊಟ್ಟಿರಲಿಲ್ಲವಲ್ಲ.

ಇದನ್ನೂ ಡಂಜನ್ ಮಾಸ್ಟರ್ ತನ್ನ ದಾಳ ಮರೆಮಾಡುವ ಪರದೆಯ ಹಿಂದೆ ದಾಳ ಬದಲಾಯಿಸುವುದನ್ನೂ ಒಂದೇ ಎಂದು ಭಾವಿಸಬೇಡಿ. ಕಾಳಗ ನಡುವೆ ಗುಟ್ಟಾಗಿ ಮಾನ್‌ಸ್ಟರ್‌ನ ಹಿಟ್ ಪಾಯಿಂಟ್ ಏರಿಸುವುದು, ಬಿದ್ದ 20 ಅನ್ನು 12 ಎಂದು ಹೇಳುವುದು, ಇವನ್ನು ಅನೇಕ ಅನುಭವಿಗಳೂ ಸಮರ್ಥಿಸುತ್ತಾರೆ. ನಾವು ಖಡಾಖಂಡಿತವಾಗಿ ವಿರೋಧಿಸುತ್ತೇವೆ. ಕೊನೆಯ ಮಂತ್ರವನ್ನು ಈಗ ಬಳಸಲೋ ಉಳಿಸಲೋ ಎಂದು ಹುಡುಗಿಯೊಬ್ಬಳು ಐದು ನಿಮಿಷ ಯೋಚಿಸಿ ನಿರ್ಧರಿಸಿರುತ್ತಾಳೆ. ಮಾನ್‌ಸ್ಟರ್ ಯಾವಾಗ ಸಾಯಬೇಕೆಂದು ನೀವೇ ತೀರ್ಮಾನಿಸುವುದಾದರೆ ಆ ಐದು ನಿಮಿಷಕ್ಕೆ ಬೆಲೆಯೇ ಇಲ್ಲ. ಆಟಗಾರರು ಇದನ್ನು ಬೇಗ ಪತ್ತೆಹಚ್ಚುತ್ತಾರೆ, ಆಮೇಲೆ ಯಾವ ದಾಳಕ್ಕೂ ಉಸಿರು ಬಿಗಿಹಿಡಿಯುವುದಿಲ್ಲ.

ಬದಲಾಯಿಸಬೇಕಾದದ್ದು ಮಾನ್‌ಸ್ಟರ್‌ಗಳ ನಡವಳಿಕೆ. ಅದು ಡಂಜನ್ ಮಾಸ್ಟರ್‌ನ ಹಕ್ಕು, ಎಲ್ಲರ ಕಣ್ಣೆದುರೇ ನಡೆಯುವಂಥದ್ದು. ಬಿದ್ದವರ ಮೇಲೆ ಮತ್ತೆ ಹೊಡೆಯುವುದೋ ಬಿಡುವುದೋ ಎಂಬ ಒಂದೇ ನಿರ್ಧಾರ ಹಿಟ್ ಪಾಯಿಂಟ್‌ಗಿಂತ ದೊಡ್ಡದು. ಪ್ರಜ್ಞೆ ತಪ್ಪಿದವರನ್ನು 5 ಅಡಿಯೊಳಗಿಂದ ಹೊಡೆದರೆ ತಗುಲಿದ ಪೆಟ್ಟು ತಾನಾಗಿ ಕ್ರಿಟಿಕಲ್, ಎರಡು ಡೆತ್ ಸೇವ್ (ಬಿದ್ದವರು ಬದುಕುಳಿಯಲು ಉರುಳಿಸುವ ದಾಳ) ಸೋತಂತೆ. ಮೂರು ಸೋತರೆ ಸಾವು. ಹಸಿದ ತೋಳವೊಂದು ಬಿದ್ದವರನ್ನು ಕಚ್ಚಿ ಎಳೆಯಬಹುದು, ಆದರೆ ಬುದ್ಧಿ ಇರುವ ಗಾಬ್ಲಿನ್ ಎದ್ದು ನಿಂತು ಹೊಡೆಯುತ್ತಿರುವವನ ಕಡೆಗೇ ತಿರುಗುತ್ತದೆ. ಕೆಲವಕ್ಕೆ ಬೇಕಾದದ್ದು ಸೆರೆಯಾಳು, ಕೆಲವಕ್ಕೆ ಮೂಟೆಯಲ್ಲಿರುವ ಊಟ. ಧೈರ್ಯದ ಲೆಕ್ಕಕ್ಕೆ 1981ರ ಬೇಸಿಕ್ ಆವೃತ್ತಿಯಲ್ಲಿ ಸೊಗಸಾದ ನಿಯಮವಿತ್ತು: ಪ್ರತಿ ಮಾನ್‌ಸ್ಟರ್‌ಗೂ 2ರಿಂದ 12ರವರೆಗಿನ ಮೊರಾಲ್ ಅಂಕ, ತಮ್ಮವರಲ್ಲಿ ಮೊದಲನೆಯವನು ಸತ್ತಾಗ, ಮತ್ತೆ ಅರ್ಧ ಜನ ಬಿದ್ದಾಗ, ಆರು ಮುಖದ ಎರಡು ದಾಳ ಉರುಳಿಸಬೇಕು. ಅಂಕಕ್ಕಿಂತ ಹೆಚ್ಚು ಬಿದ್ದರೆ ಓಡಿಹೋಗುತ್ತವೆ ಅಥವಾ ಶರಣಾಗುತ್ತವೆ. ಗಾಬ್ಲಿನ್‌ಗೆ 7, ಅವುಗಳ ರಾಜ ಜೊತೆಗಿದ್ದರೆ 9. ಇದನ್ನು ಐದನೇ ಆವೃತ್ತಿಗೆ ಹಾಗೆಯೇ ತಂದುಕೊಳ್ಳಬಹುದು, ಒಂದು ಅಕ್ಷರವೂ ಬದಲಾಯಿಸಬೇಕಿಲ್ಲ. ದಾಳವನ್ನು ಎಲ್ಲರೆದುರು ಉರುಳಿಸಿ. ಸೋಲುತ್ತಿರುವ ಕಾಳಗ ಒಂದು ಗಾಬ್ಲಿನ್ ಬಿದ್ದ ಕೂಡಲೇ ತಿರುಗಿ ನಿಲ್ಲಬಹುದು, ಯಾರೂ ಮೋಸ ಮಾಡದೆ.

ಆ ಕಾಲದ ಆಟಗಳಲ್ಲಿ ಸಮತೋಲವೆಂಬುದು ಆಟಗಾರರ ಕೈಯಲ್ಲೂ ಇತ್ತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೊದಲ ಆವೃತ್ತಿಯಲ್ಲಿ ನೆಲಮಾಳಿಗೆ ಕೆಳಕೆಳಗೆ ಇಳಿದಷ್ಟೂ ಅಪಾಯ ಹೆಚ್ಚು, ಎಷ್ಟು ಇಳಿಯಬೇಕೆಂದು ತೀರ್ಮಾನಿಸುವವರು ಆಟಗಾರರು. ಈಗಲೂ ತಂಡದ ಕೈಮೀರಿದ ಡ್ರ್ಯಾಗನ್ ಒಂದನ್ನು ಕಾಡಿನಲ್ಲಿ ಇಡಬಹುದು. ಆದರೆ ಅದು ಇದೆಯೆಂದು ಮೊದಲೇ ತಿಳಿಯಬೇಕು: ಸುಟ್ಟು ಕರಿಕಲಾದ ಮರಗಳು, ಕರಗಿದ ಗುರಾಣಿ, ಆ ದಾರಿಯಲ್ಲಿ ಹೋಗಲು ಒಪ್ಪದ ಗಾಡಿಯವನು. ಒಂದು ಸುಳಿವನ್ನು ಆಟಗಾರರು ಗಮನಿಸದೇ ಹೋಗಬಹುದು, ಮೂರನ್ನು ತಪ್ಪಿಸಿಕೊಳ್ಳುವುದು ಕಷ್ಟ. ಓಡಿಹೋಗಲು ದಾರಿಯೂ ಇರಬೇಕು. ಓಗರ್‌ನ ವೇಗ 40 ಅಡಿ, ಮನುಷ್ಯನದು 30, ನೇರ ಓಟದಲ್ಲಿ ಯಾರೂ ತಪ್ಪಿಸಿಕೊಳ್ಳಲಾರರು. ಇಕ್ಕಟ್ಟಾದ ಬಿಲ, ಎಳೆದುಬಿಡಬಹುದಾದ ಹಗ್ಗದ ಸೇತುವೆ ನಕ್ಷೆಯಲ್ಲಿ ಮೊದಲೇ ಇರಲಿ.

ಇಷ್ಟೆಲ್ಲ ಲೆಕ್ಕ ಬೇಡವೆನ್ನುವವರು ಇದೇ ಬಗೆಯ ಇನ್ನೊಂದು ಆಟವಾದ ಪಾತ್‌ಫೈಂಡರ್‌ನ ಎರಡನೇ ಆವೃತ್ತಿಯನ್ನು ನೋಡಬಹುದು, 2019ರಲ್ಲಿ ಬಂದದ್ದು. ಅಲ್ಲಿ ನಾಲ್ವರಿಗೆ ಎಕ್ಸ್‌ಪಿ ಮಿತಿ ಲೋ 60, ಮಾಡರೇಟ್ 80, ಸಿವಿಯರ್ 120, ಎಕ್ಸ್‌ಟ್ರೀಮ್ 160. ತಂಡದ ಲೆವೆಲ್‌ನದ್ದೇ ಆದ ಒಂದು ಮಾನ್‌ಸ್ಟರ್‌ಗೆ 40, ಎರಡು ಲೆವೆಲ್ ಮೇಲಿನದಕ್ಕೆ 80. ಲೆವೆಲ್ ಅಂಕವೇ ಹೊಡೆತ, ರಕ್ಷಣೆ ಎಲ್ಲಕ್ಕೂ ಸೇರುವುದರಿಂದ, ಗುರಿಯನ್ನು ಹತ್ತರಿಂದ ಮೀರಿದರೆ ಕ್ರಿಟಿಕಲ್ ಆಗುವುದರಿಂದ, ಈ ಅಂಕಿಗಳು ಐದನೇ ಆವೃತ್ತಿಗಿಂತ ಹೆಚ್ಚು ನಂಬಿಕೆಗೆ ಅರ್ಹ. ಕಲಿಯಬೇಕಾದ ನಿಯಮಗಳೂ ಅಷ್ಟೇ ಹೆಚ್ಚು.

ಇನ್ನು ನಿಮ್ಮಲ್ಲಿ ಒಂದು ಕೋರಿಕೆ. 2023ರ ಜನವರಿಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಪ್ರಕಾಶಕರು 2014ರ ಆವೃತ್ತಿಯ ಮೂಲ ನಿಯಮಗಳ ಸಂಗ್ರಹವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದ್ದಾರೆ. ಮೂಲವನ್ನು ಹೆಸರಿಸಿದರೆ ಸಾಕು, ಅದನ್ನು ಯಾರು ಬೇಕಾದರೂ ಅನುವಾದಿಸಬಹುದು, ಮುದ್ರಿಸಬಹುದು. ಗಾಬ್ಲಿನ್, ಓಗರ್, ಶ್ಯಾಡೋ, ಟ್ರೋಲ್ ಎಲ್ಲವುಗಳ ಅಂಕಿಅಂಶ ಅದರಲ್ಲಿವೆ. ಈ ರಜೆ ಮುಗಿಯುವುದರೊಳಗೆ ನಿಮ್ಮ ಪುರವಣಿಯ ಅರ್ಧ ಪುಟದಲ್ಲಿ ಕೆಳಲೆವೆಲ್‌ನ ಹತ್ತು ಮಾನ್‌ಸ್ಟರ್‌ಗಳ ಆರ್ಮರ್ ಕ್ಲಾಸ್, ಹಿಟ್ ಪಾಯಿಂಟ್, ಹೊಡೆತದ ಬೋನಸ್, ಸರಾಸರಿ ಪೆಟ್ಟು, ಇಷ್ಟನ್ನು ಕನ್ನಡದಲ್ಲಿ ಪಟ್ಟಿ ಮಾಡಿ ಕೊಟ್ಟರೆ, ದುಬಾರಿ ಇಂಗ್ಲಿಷ್ ಪುಸ್ತಕ ಕೊಳ್ಳಲಾಗದ ಮಕ್ಕಳೂ ಕತ್ತರಿಸಿಟ್ಟುಕೊಂಡು ಆಡಬಹುದು. ಪಟ್ಟಿ ಸಿದ್ಧಪಡಿಸಿ, ಅಂಕಿಗಳನ್ನು ಎರಡೆರಡು ಸಲ ತಾಳೆ ನೋಡಿ ಕಳಿಸಿಕೊಡಲು ನಾವು ತಯಾರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಆಟ ನಡೆಸುವ ಕೆಲವು ಓದುಗರು
ಮೈಸೂರು